ಸಂಪಾಜೆ ಇಳಿಜಾರಿನ ಸಿಡಿತ: ಸೈಲೆನ್ಸರ್ ಬದಲಿಸಿದ ಬುಲೆಟ್ ಒಂದರ ದುರಸ್ತಿಯ ಅನುಭವ

ಮಡಿಕೇರಿ ದಾಟಿ ಮದೆನಾಡು, ಜೋಡುಪಾಲ, ದೇವರಕೊಲ್ಲಿ, ಕೊಯನಾಡುಗಳ ಮೂಲಕ ಸಂಪಾಜೆಗೆ ಇಳಿಯುವ ಘಾಟಿಯಲ್ಲಿ ಬೈಕ್ ಓಡಿಸಿ ಪಳಗಿದವರು ಬ್ರೇಕೊಂದನ್ನೇ ನಂಬಿಕೊಂಡು ಹೋಗುವುದಿಲ್ಲ. ಮೂರನೇ ಗೇರಿಗೆ ತಂದು, ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಎಂಜಿನ್ನಿನ ಹಿಡಿತದಲ್ಲೇ ಒಂದೊಂದು ತಿರುವನ್ನೂ ಇಳಿಯುತ್ತಾರೆ. ನನ್ನ 2014ರ 350 ಸಿಸಿ ಬುಲೆಟ್‌ಗೆ ಬೇರೆ ಸೈಲೆನ್ಸರ್ ಹಾಕಿಸಿದ ಮೇಲೆ ಸಿಡಿತ ಶುರುವಾದದ್ದು ಸರಿಯಾಗಿ ಈ ಸಂದರ್ಭದಲ್ಲೇ. ಏರಿನಲ್ಲಿ ಯಾವ ತೊಂದರೆಯೂ ಇರಲಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗಲೂ ಎಂಜಿನ್ ಹಿಂದಿನಂತೆಯೇ ಬಡಿಯುತ್ತಿತ್ತು. ಆಕ್ಸಿಲರೇಟರ್ ಬಿಟ್ಟ ಎರಡು ಕ್ಷಣಗಳ ನಂತರ ಮಾತ್ರ ಪೈಪಿನೊಳಗೆ ಮೊದಲು ಪುಟಪುಟ ಎಂಬ ಸಣ್ಣ ಸದ್ದು ಏಳುತ್ತಿತ್ತು, ಆಮೇಲೆ ಒಮ್ಮೆಗೇ ತೋಟದಾಚೆಗೂ ಕೇಳುವಂತಹ ಒಂದು ಸಿಡಿತ.

ಹಳೆಯ ಸೈಲೆನ್ಸರನ್ನು ಬದಲಿಸಲು ಕಾರಣವಾದದ್ದು ತುಕ್ಕು. ಕೊಡಗಿನಲ್ಲಿ ಬೈಕಿನ ಸೈಲೆನ್ಸರುಗಳು ಹೊರಗಿನ ಮಳೆಗಿಂತ ಹೆಚ್ಚಾಗಿ ಒಳಗಿನ ನೀರಿನಿಂದ ಸಾಯುತ್ತವೆ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ದೂರದ ಓಟವಿದ್ದರೆ ಪೈಪ್ ಚೆನ್ನಾಗಿ ಕಾದು ಅದು ಹೊರಟುಹೋಗುತ್ತದೆ, ಆದರೆ ಮನೆಯಿಂದ ಗದ್ದೆಗೆ, ಗದ್ದೆಯಿಂದ ಸೊಸೈಟಿಗೆ ಎಂಬಂತಹ ಚಿಕ್ಕ ಓಡಾಟಗಳಲ್ಲಿ ಆ ಆವಿ ತಣಿದು ಒಳಗೇ ನಿಲ್ಲುತ್ತದೆ. ಮಳೆ ಜೋರಾಗಿರುವ ಕಕ್ಕಡದ ತಿಂಗಳಲ್ಲಿ ಗಾಡಿ ವಾರಗಟ್ಟಲೆ ತೇವದಲ್ಲೇ ನಿಂತು, ನನ್ನ ಸೈಲೆನ್ಸರಿನ ತಳಭಾಗ ಬೆರಳಿನಿಂದ ಒತ್ತಿದರೆ ತಗ್ಗುವಷ್ಟು ತೆಳುವಾಗಿತ್ತು. ಆ ಹಳೆಯ ಮಾದರಿಗೆ ಕಂಪನಿಯ ಬಿಡಿಭಾಗ ಬರಲು ಸಮಯ ಹಿಡಿಯುತ್ತದೆ ಎಂದು ತಿಳಿದುದರಿಂದ, ಅಲ್ಲಿಯವರೆಗೆ ಓಡಾಟ ನಿಲ್ಲಬಾರದೆಂದು ಸ್ಟೇನ್‌ಲೆಸ್ ಸ್ಟೀಲಿನ ಒಂದು ಗಿಡ್ಡ ಪೈಪನ್ನು ಹಾಕಿಸಿದೆ. ಅಂಗಡಿಯವರು ಅದರ ಜೊತೆಗೆ ಗಾಳಿ ಹೆಚ್ಚು ಎಳೆಯುವ ಫಿಲ್ಟರನ್ನೂ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿಗೆ ದೊಡ್ಡ ಮೇನ್ ಜೆಟ್ಟನ್ನೂ (ಪೆಟ್ರೋಲ್ ಎಷ್ಟು ಹರಿಯಬೇಕೆಂದು ಅಳೆಯುವ ಸಣ್ಣ ರಂಧ್ರದ ಬಿಡಿಭಾಗ) ಸೇರಿಸಿ ಕೊಟ್ಟರು. ಈ ಮೂರೂ ಒಟ್ಟಿಗೆ ಬಂದದ್ದರಿಂದ, ಮುಂದೆ ಯಾವುದರಿಂದ ಏನಾಯಿತು ಎಂದು ಬಿಡಿಸಿ ನೋಡುವುದೇ ಅರ್ಧ ಕೆಲಸವಾಯಿತು.

ಪೇಟೆಯಲ್ಲಿ ಈ ಸದ್ದನ್ನು ಬಯಸಿ ಹಾಕಿಸಿಕೊಳ್ಳುವವರಿದ್ದಾರೆ ಎಂಬುದು ನನಗೆ ಗೊತ್ತು. ಸಿದ್ದಾಪುರ, ಪಾಲಿಬೆಟ್ಟದ ಕಡೆಯ ತೋಟದ ರಸ್ತೆಗಳಲ್ಲಿ ಅದರ ಅರ್ಥವೇ ಬೇರೆ. ಕಾಡಾನೆಗಳನ್ನು ತೋಟದಿಂದ ಅಟ್ಟಲು ಅರಣ್ಯ ಸಿಬ್ಬಂದಿಯೂ ಬೆಳೆಗಾರರೂ ಪಟಾಕಿ ಸಿಡಿಸುವ ಊರುಗಳು ಇವು. ಒಂದು ಬೆಳಿಗ್ಗೆ ತೋಟದ ಕಾರ್ಮಿಕರ ಲೈನ್ ಮನೆಗಳ ಪಕ್ಕದ ಇಳಿಜಾರಿನಲ್ಲಿ ನನ್ನ ಗಾಡಿ ಎರಡು ಬಾರಿ ಸಿಡಿದಾಗ, ಕಾಫಿ ಕೊಯ್ಲಿಗೆ ಹೊರಟಿದ್ದ ಹೆಂಗಸರು ಬುಟ್ಟಿ ಹಿಡಿದುಕೊಂಡೇ ಹಿಂದಕ್ಕೆ ಸರಿದು, ಆನೆ ಯಾವ ಕಡೆಯಿಂದ ಬಂತು ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು. ದಿನವೂ ಆನೆಯ ಭಯದಲ್ಲೇ ಕೆಲಸಕ್ಕೆ ಹೋಗುವವರನ್ನು ಹಾಗೆ ಬೆಚ್ಚಿಸುವುದು ನನಗೆ ಸಹಿಸಲಾಗದ ವಿಷಯ. ಸಿಡಿತವನ್ನು ತಗ್ಗಿಸಿದರೆ ಸಾಲದು, ಅದು ಏಕೆ ಹುಟ್ಟುತ್ತದೆ ಎಂಬುದನ್ನು ಕಂಡುಹಿಡಿದು ನಿಲ್ಲಿಸಲೇಬೇಕು ಎಂದು ನಾನು ಕೂತದ್ದು ಅದಾದ ಮೇಲೆ.

ಕೇಳಿದವರೆಲ್ಲರೂ ಹೇಳಿದ್ದು ಒಂದೇ ಮಾತು: ಪೆಟ್ರೋಲ್ ಸಾಲುತ್ತಿಲ್ಲ, ಜೆಟ್ ಇನ್ನೂ ದೊಡ್ಡದು ಹಾಕಿಸಿ. ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅಲ್ಲಿಂದಲೇ ಕೆಲಸ ಆರಂಭಿಸುವುದು ಸರಿಯಲ್ಲ ಎಂಬುದು ಈ ದುರಸ್ತಿಯಿಂದ ನನಗೆ ಗಟ್ಟಿಯಾದ ಅಭಿಪ್ರಾಯ. ಸಿಡಿತ ಆಗಬೇಕಾದರೆ ಪೈಪಿನೊಳಗೆ ಮೂರು ವಸ್ತುಗಳು ಕೂಡಬೇಕು: ಉರಿಯದೆ ಬಂದ ಪೆಟ್ರೋಲ್, ಅದನ್ನು ಉರಿಸಲು ಗಾಳಿ, ಮತ್ತು ಬೆಂಕಿ ಹತ್ತುವಷ್ಟು ಬಿಸಿ. ಪೆಟ್ರೋಲ್ ಆವಿ ತಾನಾಗಿ ಹೊತ್ತಿಕೊಳ್ಳಲು ಸುಮಾರು 250ರಿಂದ 280 ಡಿಗ್ರಿ ಸೆಲ್ಸಿಯಸ್ ಸಾಕು, ಮತ್ತು ಓಡಿ ಬಂದ ಬೈಕಿನ ಬೆಂಡ್ ಪೈಪಿನೊಳಗಿನ (ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬಾಗಿದ ಪೈಪ್) ಅನಿಲ ಅದಕ್ಕಿಂತ ಬಿಸಿಯಾಗಿರುತ್ತದೆ. ಆದ್ದರಿಂದ ಬಿಸಿಯನ್ನು ನಾವು ತಪ್ಪಿಸುವಂತಿಲ್ಲ. ಪೆಟ್ರೋಲ್ ಏಕೆ ಉರಿಯದೆ ಬರುತ್ತಿದೆ ಮತ್ತು ಗಾಳಿ ಎಲ್ಲಿಂದ ಬರುತ್ತಿದೆ ಎಂಬ ಎರಡು ಪ್ರಶ್ನೆಗಳಷ್ಟೇ ನಮ್ಮ ಕೈಯಲ್ಲಿ ಉಳಿಯುತ್ತವೆ.

ಮೊದಲನೆಯದಕ್ಕೆ ಉತ್ತರ ಇಳಿಜಾರಿನಲ್ಲೇ ಇದೆ. ಆಕ್ಸಿಲರೇಟರ್ ಬಿಟ್ಟಾಗ ಕಾರ್ಬುರೇಟರಿನ ಬಾಗಿಲು ಮುಚ್ಚಿರುತ್ತದೆ, ಆದರೆ ಚಕ್ರಗಳು ಎಂಜಿನ್ನನ್ನು ಜೋರಾಗಿಯೇ ತಿರುಗಿಸುತ್ತಿರುತ್ತವೆ. ಹಾಗಾಗಿ ಸಿಲಿಂಡರಿನೊಳಗೆ ಬಹಳ ಕಡಿಮೆ ಹೊಸ ಮಿಶ್ರಣ ಬರುತ್ತದೆ ಮತ್ತು ಹಿಂದಿನ ಸುತ್ತಿನ ಸುಟ್ಟ ಅನಿಲ ಅದರೊಂದಿಗೆ ಬೆರೆತು ಅದನ್ನು ಇನ್ನೂ ಕೆಡಿಸುತ್ತದೆ. ಇಂತಹ ಮಿಶ್ರಣ ಮೊದಲೇ ತೆಳುವಾಗಿದ್ದರೆ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಕಡಿಮೆಯಿದ್ದರೆ, ಪ್ಲಗ್ ಕಿಡಿ ಕೊಟ್ಟರೂ ಹತ್ತಿಕೊಳ್ಳುವುದಿಲ್ಲ, ಹತ್ತಿಕೊಂಡರೂ ನಿಧಾನವಾಗಿ ಉರಿದು ಸುಟ್ಟ ಅನಿಲವನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತೆರೆಯುವ ಹೊತ್ತಿಗೂ ಮುಗಿದಿರುವುದಿಲ್ಲ. ಕೆಲವು ಸುತ್ತುಗಳ ಉರಿಯದ ಆವಿ ಪೈಪಿನಲ್ಲಿ ಸೇರಿಕೊಂಡಿರುತ್ತದೆ, ಮತ್ತು ಯಾವುದೋ ಒಂದು ಸುತ್ತು ಸರಿಯಾಗಿ ಹತ್ತಿದಾಗ, ಹಸಿ ಸೌದೆ ಹೊಗೆಯಾಡುತ್ತಿದ್ದು ಒಮ್ಮೆಗೇ ಭಗ್ ಎಂದು ಉರಿಯುವ ಹಾಗೆ, ಒಳಗಿದ್ದುದೆಲ್ಲವೂ ಒಟ್ಟಿಗೆ ಸಿಡಿಯುತ್ತದೆ. ಕಂಪನಿಯ ಉದ್ದನೆಯ, ಒಳಗೆ ಕೋಣೆಗಳಿರುವ ಸೈಲೆನ್ಸರಿನಲ್ಲಿ ಹೊರಗಿನ ಗಾಳಿ ಹಿಂದಕ್ಕೆ ನುಗ್ಗುವುದು ಕಷ್ಟ. ಗಿಡ್ಡನೆಯ ನೇರ ಪೈಪಿನಲ್ಲಿ ಪ್ರತಿ ಬಡಿತದ ನಂತರ ಉಂಟಾಗುವ ಹಿಂಸೆಳೆತ ಬಾಯಿಯ ಕಡೆಯಿಂದ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಇದಲ್ಲದೆ ಬೇರೆ ಎಲ್ಲೆಲ್ಲಿಂದ ಗಾಳಿ ಸೇರುತ್ತಿದೆ ಎಂಬುದನ್ನು ಹುಡುಕುವುದೇ ನನ್ನ ಮೊದಲ ಕೆಲಸವಾಯಿತು.

ಹುಡುಕುವ ಮೊದಲು ಪರೀಕ್ಷೆಯ ಕ್ರಮವೊಂದನ್ನು ಗೊತ್ತುಮಾಡಿಕೊಂಡೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಮದೆನಾಡಿನ ನಂತರದ ಒಂದೇ ಇಳಿಜಾರಿನಲ್ಲಿ, ಮೂರನೇ ಗೇರಿನಲ್ಲಿ, ಗಂಟೆಗೆ 50 ಕಿಲೋಮೀಟರ್ ವೇಗದಿಂದ ಆಕ್ಸಿಲರೇಟರನ್ನು ಪೂರ್ತಿ ಬಿಡುವುದು, ಮತ್ತು ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವುದು. ಪೆಟ್ರೋಲನ್ನೂ ಒಂದೇ ಬಂಕಿನಿಂದ ಹಾಕಿಸಿದೆ. ಬೆಳಗಿನ ಮಂಜಿನಲ್ಲಿ ಒಂದು ರೀತಿ, ಮಧ್ಯಾಹ್ನದ ಬಿಸಿಲಿನಲ್ಲಿ ಇನ್ನೊಂದು ರೀತಿ ಕೇಳಿಸುವ ಸದ್ದನ್ನು ನೆನಪಿನಿಂದ ಹೋಲಿಸಿ ನೋಡಿದರೆ ಮನಸ್ಸು ತನಗೆ ಬೇಕಾದ ಉತ್ತರವನ್ನೇ ಕೊಡುತ್ತದೆ.

ಸೋರಿಕೆಯನ್ನು ನಾನು ಮೊದಲು ನೋಡಿದ್ದು ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡಿಗೆ ಬೆಂಡ್ ಪೈಪ್ ಸೇರುವಲ್ಲಿ. ಗಾಡಿ ರಾತ್ರಿಯೆಲ್ಲ ತಣಿದಿದ್ದಾಗ ಟಾರ್ಚ್ ಹಿಡಿದು, ಪೈಪನ್ನು ಹೆಡ್ಡಿಗೆ ಬಿಗಿಯುವ ಫ್ಲಾಂಜಿನ ಸುತ್ತ ನಿಧಾನವಾಗಿ ನೋಡಿದರೆ, ಕೆಳಗಿನ ನಟ್ಟಿನ ಪಕ್ಕದಿಂದ ಹೊರಟು ಹೆಡ್ಡಿನ ಅಲ್ಯೂಮಿನಿಯಂ ಮೇಲೆ ಹರಡಿದ, ಪೆನ್ಸಿಲಿನಿಂದ ಎಳೆದಷ್ಟು ಸಣ್ಣನೆಯ ಒಂದು ಕಪ್ಪು ಗೆರೆ ಕಾಣಿಸಿತು. ಬೆರಳಿಟ್ಟರೆ ಒಣ ಮಸಿ ಅಂಟಿಕೊಂಡಿತು. ಸೋಪಿನ ನೀರನ್ನು ಆ ಜಾಗಕ್ಕೆ ಸಿಂಪಡಿಸಿ, ಎಂಜಿನ್ ಇನ್ನೂ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಪೈಪಿನ ಬಾಯಿಗೆ ದಪ್ಪ ಒದ್ದೆ ಬಟ್ಟೆಯನ್ನು ಒತ್ತಿಹಿಡಿಯುವಂತೆ ತಮ್ಮನಿಗೆ ಹೇಳಿದೆ. ಎಲ್ಲ ಜೋಡಣೆಗಳೂ ಗಟ್ಟಿಯಾಗಿದ್ದರೆ ಹೊಗೆಗೆ ಹೊರದಾರಿ ಇಲ್ಲದೆ ಎಂಜಿನ್ ನಿಲ್ಲಬೇಕು. ನನ್ನದು ನಿಲ್ಲಲಿಲ್ಲ, ಫ್ಲಾಂಜಿನ ಕೆಳಗೆ ನೊರೆಗುಳ್ಳೆಗಳು ಎದ್ದವು, ಮತ್ತು ಬೆಂಡ್ ಪೈಪ್ ಹೊಸ ಸೈಲೆನ್ಸರಿನೊಳಗೆ ತೂರುವ ಕ್ಲಾಂಪಿನ ಹತ್ತಿರ ಚಿಸ್ ಎಂಬ ಸದ್ದೂ ಕೇಳಿಸಿತು.

ಒಳಗಿನ ಅನಿಲ ಹೊರಬರುವ ರಂಧ್ರ ಗಾಳಿಯನ್ನು ಒಳಕ್ಕೆ ಹೇಗೆ ಬಿಡುತ್ತದೆ ಎಂದು ಹಲವರು ಕೇಳುತ್ತಾರೆ. ಪೈಪಿನೊಳಗಿನ ಒತ್ತಡ ಒಂದೇ ಸಮನಾಗಿರುವುದಿಲ್ಲ. ಪ್ರತಿ ಬಡಿತಕ್ಕೂ ಏರಿ, ಹಿಂದೆಯೇ ಹೊರಗಿನ ಒತ್ತಡಕ್ಕಿಂತ ಕೆಳಗೆ ಇಳಿಯುತ್ತದೆ. ಏರಿದಾಗ ಮಸಿ ಹೊರಗೆ, ಇಳಿದಾಗ ಗಾಳಿ ಒಳಗೆ. ಹೆಡ್ಡಿನ ಬುಡದಲ್ಲೇ ಸೋರಿಕೆಯಿದ್ದರೆ ಆ ಗಾಳಿ ಪೈಪಿನ ಅತ್ಯಂತ ಬಿಸಿಯಾದ ಜಾಗದಲ್ಲೇ ಪೆಟ್ರೋಲ್ ಆವಿಯನ್ನು ಸೇರುತ್ತದೆ, ಆದ್ದರಿಂದ ಅದರಷ್ಟು ಸಿಡಿತ ತರುವ ಸೋರಿಕೆ ಮತ್ತೊಂದಿಲ್ಲ.

ಬೆಂಡ್ ಪೈಪ್ ಬಿಚ್ಚಿದಾಗ ಕಾರಣ ಕಣ್ಣೆದುರಿಗೇ ಇತ್ತು. ಜೋಡಣೆಯ ಸಂದಿಯನ್ನು ಮುಚ್ಚುವ ಹಳೆಯ ಗ್ಯಾಸ್ಕೆಟ್ಟನ್ನೇ ಮರಳಿ ಕೂರಿಸಲಾಗಿತ್ತು. ಈ ಗ್ಯಾಸ್ಕೆಟ್ ಒಮ್ಮೆ ಒತ್ತಿ ಚಪ್ಪಟೆಯಾಗುವುದಕ್ಕಾಗಿಯೇ ಮಾಡಿದ ವಸ್ತು. ಚಪ್ಪಟೆಯಾದ ಮೇಲೆ ಅದು ಇನ್ನೊಂದು ಪೈಪಿನ ಅಂಚಿಗೆ ಹೊಂದಿಕೊಳ್ಳುವುದಿಲ್ಲ. ಹೊಸತಕ್ಕೆ ಕೊಡಬೇಕಾದ ಹಣ ಒಂದು ಊಟದ ಖರ್ಚಿಗಿಂತ ಕಡಿಮೆ, ಮತ್ತು ಪೈಪ್ ಬಿಚ್ಚಿದಾಗಲೆಲ್ಲ ಅದನ್ನು ಬದಲಿಸಬೇಕೆಂದು ಪ್ರತಿ ಮೆಕ್ಯಾನಿಕ್ಕಿಗೂ ಗೊತ್ತಿರುತ್ತದೆ. ಹೆಡ್ಡಿನ ತೋಡಿನಲ್ಲಿ ಅಂಟಿದ್ದ ಹಳೆಯ ಚೂರುಗಳನ್ನು ಮರದ ಕಡ್ಡಿಯಿಂದ ಕೆರೆದು, ಹೊಸ ಗ್ಯಾಸ್ಕೆಟ್ ಕೂರಿಸಿ, ಸೈಲೆನ್ಸರಿನ ಬ್ರಾಕೆಟ್ ಇನ್ನೂ ಸಡಿಲವಾಗಿರುವಾಗಲೇ ಫ್ಲಾಂಜಿನ ನಟ್ಟುಗಳನ್ನು ಒಂದಾದ ಮೇಲೆ ಒಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿದೆ. ಬ್ರಾಕೆಟ್ಟನ್ನು ಮೊದಲು ಬಿಗಿದರೆ ಪೈಪ್ ಓರೆಯಾಗಿ ಎಳೆದುಕೊಂಡು ಗ್ಯಾಸ್ಕೆಟ್ ಒಂದು ಪಕ್ಕಕ್ಕೆ ಮಾತ್ರ ಒತ್ತುತ್ತದೆ. ಕ್ಲಾಂಪಿನ ಜಾಗಕ್ಕೆ ಬಿಸಿ ತಾಳುವ ಪೇಸ್ಟ್ ಬಳಿದೆ. ಒಂದು ಸುತ್ತು ಓಡಿಸಿ, ಗಾಡಿ ಪೂರ್ತಿ ತಣಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ನೋಡಿದಾಗ ಎರಡೂ ಸ್ವಲ್ಪ ಸಡಿಲಗೊಂಡಿದ್ದವು. ಮೊದಲ ಬಿಸಿಗೆ ಗ್ಯಾಸ್ಕೆಟ್ ಇನ್ನಷ್ಟು ಕೂರುವುದರಿಂದ ಇದು ಸಹಜ. ಇಷ್ಟಾದ ಮೇಲೆ ಬಟ್ಟೆಯ ಪರೀಕ್ಷೆಯಲ್ಲಿ ಎಂಜಿನ್ ತಕ್ಷಣ ನಿಂತಿತು. ಇಳಿಜಾರಿನಲ್ಲಿ ದೊಡ್ಡ ಸಿಡಿತಗಳು ಹೋದವು, ಪುಟಪುಟ ಸದ್ದು ಉಳಿಯಿತು.

ಉಳಿದದ್ದು ಪೈಪಿನ ಸ್ವಭಾವವೇ ಅಥವಾ ಬೇರೆ ದೋಷವೇ ಎಂದು ತಿಳಿಯಲು ಇದೇ ಮಾದರಿಯ ಗಾಡಿಯಿರುವ ಗೆಳೆಯನೊಬ್ಬನ ಕಂಪನಿ ಸೈಲೆನ್ಸರನ್ನು ಕೇಳಿ ತಂದು ಕಟ್ಟಿ ನೋಡಿದೆ. ಸದ್ದು ಬಹಳ ಕಡಿಮೆಯಾಯಿತು, ಆದರೆ ಕಿವಿಗೊಟ್ಟರೆ ಪೈಪಿನೊಳಗೆ ಅದೇ ಲಯ ಇನ್ನೂ ಇತ್ತು. ಈ ಒಂದು ಪರೀಕ್ಷೆ ನನ್ನ ಯೋಚನೆಯ ದಿಕ್ಕನ್ನೇ ತಿರುಗಿಸಿತು. ನನ್ನ ಎಂಜಿನ್ನಿನ ಮಿಶ್ರಣ ಮೊದಲಿನಿಂದಲೂ ತೆಳುವಾಗಿತ್ತು. ಹಳೆಯ ಸೈಲೆನ್ಸರ್ ಅದನ್ನು ಮುಚ್ಚಿಟ್ಟಿತ್ತು, ಹೊಸದು ಬಯಲಿಗೆ ತಂದಿತು.

ಮುಂದಿನ ಸರದಿ ಹೆಡ್ಡಿನ ಪಕ್ಕದ ಏರ್ ವಾಲ್ವಿನದು. ಮಾಲಿನ್ಯ ನಿಯಮಗಳಿಗಾಗಿ ನಮ್ಮ ಅನೇಕ ಬೈಕುಗಳಲ್ಲಿ, ಫಿಲ್ಟರಿನಿಂದ ಬಂದ ಶುದ್ಧ ಗಾಳಿಯನ್ನು ಎಕ್ಸಾಸ್ಟ್ ಪೋರ್ಟಿಗೆ ಬಿಡುವ ಈ ವ್ಯವಸ್ಥೆ ಇರುತ್ತದೆ. ಉಳಿದುಬಂದ ಪೆಟ್ರೋಲ್ ಆವಿ ಆ ಗಾಳಿಯಿಂದ ಪೈಪಿನಲ್ಲೇ ಉರಿದುಹೋಗಲಿ ಎಂಬುದು ಉದ್ದೇಶ. ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಇದೇ ಗಾಳಿ ಸಿಡಿತಕ್ಕೆ ದಾರಿ ಮಾಡಿಕೊಡುವುದರಿಂದ, ಇನ್‌ಟೇಕ್ ಕಡೆಯ ಹೀರುವಿಕೆಯನ್ನು ಸಣ್ಣ ರಬ್ಬರ್ ಕೊಳವೆಯ ಮೂಲಕ ಪಡೆದು ವಾಲ್ವ್ ಆ ಹೊತ್ತಿನಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಆ ಕೊಳವೆ ಬಿರುಕು ಬಿಟ್ಟರೆ ವಾಲ್ವಿಗೆ ಸುದ್ದಿಯೇ ಮುಟ್ಟುವುದಿಲ್ಲ. ನಾನು ಕೊಳವೆಯನ್ನು ಬಿಚ್ಚಿ, ದನಕ್ಕೆ ಔಷಧಿ ಕೊಡುವ ದೊಡ್ಡ ಸಿರಿಂಜನ್ನು ಅದರ ತುದಿಗೆ ಸಿಕ್ಕಿಸಿ ಹಿಂದಕ್ಕೆ ಎಳೆದೆ. ವಾಲ್ವಿನೊಳಗಿನ ಪೊರೆ ಚೆನ್ನಾಗಿದ್ದರೆ ಸಿರಿಂಜಿನ ಪಿಸ್ಟನ್ ಎಳೆದ ಜಾಗದಿಂದ ಮುಂದಕ್ಕೆ ಜಗ್ಗಬೇಕು. ನನ್ನದರಲ್ಲಿ ಅದು ಎಳೆದಲ್ಲೇ ಸುಮ್ಮನೆ ನಿಂತಿತು. ಸಿರಿಂಜನ್ನು ನೇರವಾಗಿ ವಾಲ್ವಿನ ಮೂತಿಗೇ ಹಿಡಿದಾಗ ಮಾತ್ರ ಜಗ್ಗಿತು. ಎಂದರೆ ವಾಲ್ವಿನಲ್ಲಿ ದೋಷವಿಲ್ಲ, ಕೊಳವೆಯಲ್ಲಿದೆ. ಕೊಳವೆಯ ತುದಿಯನ್ನು ಬೆರಳುಗಳ ನಡುವೆ ಬಾಗಿಸಿದಾಗ ಒಳಮೈಯಲ್ಲಿ ಕೂದಲಿನಷ್ಟು ಸಣ್ಣ ಸೀಳು ಬಾಯಿ ತೆರೆಯಿತು. ಸೀಳಿದ ಅಷ್ಟು ತುದಿಯನ್ನು ಕತ್ತರಿಸಿ, ಉಳಿದುದನ್ನು ಮರಳಿ ಸಿಕ್ಕಿಸಿದೆ.

ಈ ವಾಲ್ವನ್ನು ತಗಡಿನ ತುಂಡಿನಿಂದ ಮುಚ್ಚಿಬಿಡುವುದು ನಮ್ಮ ಕಡೆ ರೂಢಿಯಲ್ಲಿದೆ. ಸಿಡಿತ ಅದರಿಂದಲೂ ಕಡಿಮೆಯಾಗುತ್ತದೆ. ಆದರೆ ಹಾಗೆ ಮಾಡಿದರೆ ಆ ಆವಿ ಉರಿಯದೆ ನಮ್ಮದೇ ಗಾಳಿಗೆ ಸೇರುತ್ತದೆ, ಮತ್ತು ಮಿಶ್ರಣದ ನಿಜವಾದ ದೋಷವೂ ಮರೆಯಾಗಿ ಉಳಿಯುತ್ತದೆ. ಕೆಲಸ ಮಾಡುತ್ತಿರುವ ಭಾಗವನ್ನು ಮುಚ್ಚುವುದನ್ನು ದುರಸ್ತಿ ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಕಾರ್ಬುರೇಟರ್ ಮತ್ತು ಹೆಡ್ಡಿನ ನಡುವಿನ ರಬ್ಬರನ್ನು ಬೇಗ ನೋಡಿ ಮುಗಿಸಿದೆ. ಅಲ್ಲಿ ಬಿರುಕಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಸೇರಿ ಮಿಶ್ರಣ ತೆಳುವಾಗುತ್ತದೆ. ಎಂಜಿನ್ ಐಡಲಿನಲ್ಲಿರುವಾಗ (ಆಕ್ಸಿಲರೇಟರ್ ಕೊಡದೆ ನಿಂತಲ್ಲೇ ಓಡುವಾಗ) ಕಾರ್ಬುರೇಟರ್ ಕ್ಲೀನರನ್ನು ಆ ರಬ್ಬರಿನ ಸುತ್ತ ತುಸು ಸಿಂಪಡಿಸಿದರೆ, ಬಿರುಕಿದ್ದಲ್ಲಿ ಬಡಿತದ ವೇಗ ಬದಲಾಗುತ್ತದೆ. ಬಿಸಿ ಎಂಜಿನ್ನಿನ ಹತ್ತಿರ ಇದು ಬೆಂಕಿ ಹತ್ತುವ ವಸ್ತುವಾದ್ದರಿಂದ ಗಾಡಿ ಆಗಷ್ಟೇ ಸ್ಟಾರ್ಟ್ ಆಗಿ ತಣ್ಣಗಿರುವಾಗ, ಅಂಗಳದಲ್ಲಿ, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟುಕೊಂಡು ಮಾಡಬೇಕು. ನನ್ನದರಲ್ಲಿ ಬಡಿತ ಬದಲಾಗಲಿಲ್ಲ.

ಕಾರ್ಬುರೇಟರಿಗೆ ಕೈಹಾಕಿದ್ದು ಇವೆಲ್ಲ ಮುಗಿದ ಮೇಲೆಯೇ. ಅಂಗಡಿಯವರು ಹಾಕಿದ್ದ ದೊಡ್ಡ ಮೇನ್ ಜೆಟ್ ಸಿಡಿತಕ್ಕೆ ಏಕೆ ಔಷಧಿಯಾಗಲಿಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಆಕ್ಸಿಲರೇಟರ್ ಮುಕ್ಕಾಲಿಗಿಂತ ಹೆಚ್ಚು ತೆರೆದಾಗ ಮೇನ್ ಜೆಟ್ಟಿನ ಆಳ್ವಿಕೆ. ನಡುವಿನ ಭಾಗದಲ್ಲಿ ಸೂಜಿಯದು. ಪೂರ್ತಿ ಮುಚ್ಚಿದಾಗ ಮತ್ತು ಸ್ವಲ್ಪವೇ ತೆರೆದಾಗ ಪೆಟ್ರೋಲ್ ಕೊಡುವುದು ಪೈಲಟ್ ಜೆಟ್ ಮತ್ತು ಅದರ ಜೊತೆಗಾರನಾದ ಮಿಶ್ರಣದ ಸ್ಕ್ರೂ. ಸಿಡಿತ ಆಗುವುದು ಬಾಗಿಲು ಮುಚ್ಚಿದಾಗ. ಆಗ ಮೇನ್ ಜೆಟ್ ಎಷ್ಟೇ ದೊಡ್ಡದಾಗಿದ್ದರೂ ಅದರ ಪಾತ್ರವಿಲ್ಲ. ಬದಲಿಗೆ ಏರು ಹತ್ತುವಾಗ ಅದು ಬೇಡದ ಪೆಟ್ರೋಲ್ ಸುರಿಯುತ್ತಿತ್ತು: ಮಡಿಕೇರಿಯ ಕಡೆಗೆ ಪೂರ್ತಿ ಆಕ್ಸಿಲರೇಟರಿನಲ್ಲಿ ಹತ್ತಿ, ಕ್ಲಚ್ ಹಿಡಿದು ಎಂಜಿನ್ ನಿಲ್ಲಿಸಿ ಪ್ಲಗ್ ಬಿಚ್ಚಿದಾಗ ಅದರ ತುದಿ ಒಣ ಮಸಿಯಿಂದ ಕಪ್ಪಾಗಿತ್ತು. ಆದರೆ ಐಡಲಿನಲ್ಲಿ ಬಹಳ ಹೊತ್ತು ನಿಲ್ಲಿಸಿದ ನಂತರ ನೋಡಿದರೆ ಅದೇ ಪ್ಲಗ್ಗಿನ ಪಿಂಗಾಣಿ ಬಿಳುಪಾಗಿರುತ್ತಿತ್ತು. ಒಂದೇ ಎಂಜಿನ್ ಒಂದು ಕಡೆ ಅತಿಯಾಗಿ ಕುಡಿದು ಇನ್ನೊಂದು ಕಡೆ ಬಾಯಾರಿತ್ತು. ಮೇನ್ ಜೆಟ್ಟನ್ನು ಕಂಪನಿಯ ಅಳತೆಗೆ ಮರಳಿಸಿದೆ, ಫಿಲ್ಟರನ್ನೂ ಮೊದಲಿನದಕ್ಕೇ ತಂದೆ.

ನಮ್ಮ ಗಾಡಿಗಳ ಮಿಶ್ರಣದ ಸ್ಕ್ರೂವಿನ ಮೇಲೆ ಹಿತ್ತಾಳೆಯ ಮುಚ್ಚಳವೊಂದನ್ನು ಕಾರ್ಖಾನೆಯಲ್ಲೇ ಬಡಿದಿರುತ್ತಾರೆ. ನನ್ನದರಲ್ಲಿ ಅದನ್ನು ಯಾರೋ ಹಿಂದೆಯೇ ತೆಗೆದಿದ್ದರು. ಈ ಸ್ಕ್ರೂವನ್ನು ತಿರುಗಿಸುವವರು ಮೊದಲು ನೋಡಬೇಕಾದದ್ದು ಅದು ಎಲ್ಲಿದೆ ಎಂಬುದನ್ನು. ಬಾಗಿಲಿನಿಂದ ಎಂಜಿನ್ನಿನ ಕಡೆಗಿದ್ದರೆ ಅದು ಪೆಟ್ರೋಲ್ ಮಿಶ್ರಣವನ್ನು ಅಳೆಯುತ್ತದೆ, ಬಿಚ್ಚಿದಷ್ಟೂ ಮಿಶ್ರಣ ದಟ್ಟವಾಗುತ್ತದೆ; ಫಿಲ್ಟರಿನ ಕಡೆಗಿದ್ದರೆ ಗಾಳಿಯನ್ನು ಅಳೆಯುತ್ತದೆ, ಬಿಚ್ಚಿದಷ್ಟೂ ತೆಳುವಾಗುತ್ತದೆ. ಇದನ್ನು ಗಮನಿಸದೆ ಒಂದು ಬೈಕಿನ ಅಭ್ಯಾಸವನ್ನು ಇನ್ನೊಂದಕ್ಕೆ ಹಚ್ಚಿದ ಗಾಡಿಗಳನ್ನು ನಾನು ನೋಡಿದ್ದೇನೆ. ನನ್ನದು ಎಂಜಿನ್ನಿನ ಕಡೆಯದು. ಮೆಲ್ಲಗೆ ಪೂರ್ತಿ ಮುಚ್ಚುವವರೆಗೆ ಎಣಿಸಿದಾಗ ಅದು ಆಗಲೇ ಮೂರು ಸುತ್ತಿಗಿಂತ ಹೆಚ್ಚು ಹೊರಗಿತ್ತು. ಸ್ಕ್ರೂ ಮೂರು ಸುತ್ತು ದಾಟಿ ಕೇಳುತ್ತಿದೆ ಎಂದರೆ ಪೈಲಟ್ ಜೆಟ್ ಸಾಲದು, ಒಂದು ಸುತ್ತಿಗಿಂತ ಒಳಗೆ ಕೇಳುತ್ತಿದೆ ಎಂದರೆ ಜೆಟ್ ಅತಿಯಾಯಿತು ಎಂಬುದು ಹಳೆಯ ಮೆಕ್ಯಾನಿಕ್ಕುಗಳು ಪಾಲಿಸುವ ಲೆಕ್ಕ, ಮತ್ತು ಅದು ನಂಬಬಹುದಾದ ಲೆಕ್ಕ.

ಪೈಲಟ್ ಜೆಟ್ಟನ್ನು ಬಿಚ್ಚಿ ಆಕಾಶದ ಬೆಳಕಿಗೆ ಹಿಡಿದಾಗ, ದುಂಡಗಿರಬೇಕಾದ ರಂಧ್ರದ ಒಂದು ಅಂಚಿನಲ್ಲಿ ಹಸಿರು ಮಿಶ್ರಿತ ಕಂದು ಬಣ್ಣದ ಅಂಟು ಕೂತಿತ್ತು. ಬೆಳಕು ಅರ್ಧ ಚಂದ್ರನ ಆಕಾರದಲ್ಲಿ ಬರುತ್ತಿತ್ತು. ಮಳೆಗಾಲದಲ್ಲಿ ನಿಂತ ಪೆಟ್ರೋಲ್ ಬಿಟ್ಟುಹೋದ ಅಂಟು ಅದು. ತಾಮ್ರದ ತಂತಿಯಿಂದ ಚುಚ್ಚಿದರೆ ರಂಧ್ರವೇ ದೊಡ್ಡದಾಗುವ ಅಪಾಯವಿರುವುದರಿಂದ ಕ್ಲೀನರಿನಲ್ಲಿ ನೆನೆಸಿ, ಮೀನಿನ ಗಾಳದ ನೈಲಾನ್ ದಾರವನ್ನು ತೂರಿಸಿ, ಪಂಪಿನ ಗಾಳಿ ಊದಿದೆ. ಶುಚಿಯಾದ ಅದೇ ಜೆಟ್ಟಿನೊಂದಿಗೆ ಸ್ಕ್ರೂವನ್ನು ಎರಡೂವರೆ ಸುತ್ತಿಗೆ ತಂದಾಗ ಐಡಲ್ ಸರಿಯಾಯಿತು, ಆಕ್ಸಿಲರೇಟರ್ ಬಿಟ್ಟ ಮೇಲೆ ಎಂಜಿನ್ನಿನ ವೇಗ ಇಳಿಯದೆ ಮೇಲೆಯೇ ತೂಗುತ್ತಿದ್ದುದು ನಿಂತಿತು. ಇಳಿಜಾರಿನಲ್ಲಿ ಮಾತ್ರ ಸಣ್ಣ ಸದ್ದು ಇನ್ನೂ ಉಳಿದಿತ್ತು.

ಉಳಿದ ಭಾಗಕ್ಕೆ ಕಾರಣ ಟ್ಯಾಂಕಿನಲ್ಲೇ ಇತ್ತು ಎಂದು ನಾನು ನಂಬುತ್ತೇನೆ. ಶೇಕಡ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ 2023ರಲ್ಲಿ ದೇಶದ ಆಯ್ದ ಬಂಕುಗಳಲ್ಲಿ ಆರಂಭವಾಗಿ ಈಗ ಎಲ್ಲೆಡೆ ಸಾಮಾನ್ಯವಾಗಿದೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಕಿಲೋಗೆ ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲ್ ತನ್ನೊಳಗೇ ಆಮ್ಲಜನಕವನ್ನು ಹೊತ್ತಿರುವುದರಿಂದ ಅದಕ್ಕೆ ಸುಮಾರು 9 ಕಿಲೋ ಸಾಕು. ಎರಡೂ ಬೆರೆತಾಗ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ. ಆಮ್ಲಜನಕದ ಸೆನ್ಸರ್ ಇರುವ ಇಂಜೆಕ್ಷನ್ ಗಾಡಿ ಇದನ್ನು ತಿಳಿದು ಪೆಟ್ರೋಲ್ ಹೆಚ್ಚಿಸಿಕೊಳ್ಳುತ್ತದೆ. 2014ರ ಕಾರ್ಬುರೇಟರಿಗೆ ಆ ಅರಿವಿಲ್ಲ. ಹಿಂದೆ ಎಷ್ಟು ಕೊಡುತ್ತಿತ್ತೋ ಈಗಲೂ ಅಷ್ಟನ್ನೇ ಕೊಡುತ್ತದೆ, ಆದ್ದರಿಂದ ಯಾವ ಭಾಗವನ್ನೂ ಮುಟ್ಟದಿದ್ದರೂ ಅದರ ಮಿಶ್ರಣ ತೆಳುವಾಗಿರುತ್ತದೆ. ಹಾಗಾಗಿ ಪೈಲಟ್ ಜೆಟ್ಟನ್ನು ಒಂದೇ ಒಂದು ಅಳತೆ ಮೇಲಕ್ಕೆ ಏರಿಸಿದೆ. ಸ್ಕ್ರೂ ಆಗ ಎರಡು ಸುತ್ತಿನಲ್ಲೇ ತೃಪ್ತವಾಯಿತು, ಮತ್ತು ಮದೆನಾಡಿನ ಇಳಿಜಾರಿನಲ್ಲಿ ಸಿಡಿತ ಎಂದು ಕರೆಯಬಹುದಾದದ್ದು ಏನೂ ಉಳಿಯಲಿಲ್ಲ.

ಕಿವಿಯ ಜೊತೆಗೆ ನನಗೆ ನೆರವಾದದ್ದು ಹೊಗೆ ತಪಾಸಣೆಯ ಚೀಟಿ. ಹೆಚ್ಚಿನವರು ಅದನ್ನು ಪೊಲೀಸರಿಗೆ ತೋರಿಸಲೆಂದು ಮಡಚಿ ಇಟ್ಟುಕೊಳ್ಳುತ್ತಾರೆ, ಆದರೆ ಅದರಲ್ಲಿ ಎಂಜಿನ್ನಿನ ಒಳಗಿನ ಸ್ಥಿತಿ ಬರೆದಿರುತ್ತದೆ. ನನ್ನ ಗಾಡಿಯ ಕಾಲದ ನಾಲ್ಕು ಸ್ಟ್ರೋಕಿನ ದ್ವಿಚಕ್ರ ವಾಹನಗಳಿಗೆ ಐಡಲಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡ 3.5, ಹೈಡ್ರೋಕಾರ್ಬನ್ (ಉರಿಯದೆ ಉಳಿದ ಇಂಧನ) 4,500 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 4,500 ಭಾಗ, ಮಿತಿ. ದುರಸ್ತಿಗೆ ಮೊದಲಿನ ಚೀಟಿಯಲ್ಲಿ ಮಾನಾಕ್ಸೈಡ್ ಬಹಳ ಕಡಿಮೆಯಿದ್ದು ಹೈಡ್ರೋಕಾರ್ಬನ್ ಮಿತಿಯ ಹತ್ತಿರಕ್ಕೆ ಏರಿತ್ತು. ಮೊದಲನೆಯದು ಕಡಿಮೆಯಿದ್ದರೆ ಸಂತೋಷಪಡುವವರೇ ಹೆಚ್ಚು. ಆದರೆ ಎರಡನೆಯದರೊಂದಿಗೆ ಸೇರಿಸಿ ಓದಿದರೆ, ಮಿಶ್ರಣ ತೆಳುವಾಗಿ ಕೆಲವು ಸುತ್ತುಗಳು ಹತ್ತದೆಯೇ ಹೊರಬರುತ್ತಿವೆ ಎಂದು ಅದರ ಅರ್ಥ. ಜೆಟ್ ಬದಲಿಸಿದ ನಂತರದ ಚೀಟಿಯಲ್ಲಿ ಮಾನಾಕ್ಸೈಡ್ ಮಿತಿಯೊಳಗೇ ಸ್ವಲ್ಪ ಏರಿ ಹೈಡ್ರೋಕಾರ್ಬನ್ ಅರ್ಧಕ್ಕಿಂತ ಕೆಳಗೆ ಇಳಿದಿತ್ತು.

ಕೊಡಗಿನಲ್ಲಿ ಟ್ಯೂನಿಂಗ್ ಮಾಡುವವರು ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಸುಳ್ಯ ತಲುಪುವ ಹೊತ್ತಿಗೆ ನಾವು ಸುಮಾರು ಸಾವಿರ ಮೀಟರ್ ಇಳಿದಿರುತ್ತೇವೆ. ಕೆಳಗೆ ಗಾಳಿ ಶೇಕಡ ಹತ್ತರಷ್ಟು ದಟ್ಟವಾಗಿರುವುದರಿಂದ, ಮಡಿಕೇರಿಯ ಚಳಿಯಲ್ಲಿ ಅಂಚಿಗೆ ಹೊಂದಿಸಿದ ಕಾರ್ಬುರೇಟರ್ ಸುಳ್ಯದಲ್ಲಿ ಶೇಕಡ ಐದರಷ್ಟು ತೆಳುವಾಗಿ ಓಡುತ್ತದೆ. ಬೆಟ್ಟದ ಮೇಲೆ ಸುಮ್ಮನಿದ್ದ ಪೈಪ್ ಕೊಯನಾಡು ದಾಟಿದ ಮೇಲೆ ಸದ್ದು ಮಾಡತೊಡಗುವುದು ಇದರಿಂದಲೇ. ಆದ್ದರಿಂದ ಕೊನೆಯ ಹೊಂದಾಣಿಕೆಯನ್ನು ನಾನು ಮಡಿಕೇರಿಯಲ್ಲಿ ಮಾಡದೆ ಸಂಪಾಜೆಯಲ್ಲಿ ಗಾಡಿ ನಿಲ್ಲಿಸಿ ಮಾಡಿದೆ, ಮತ್ತು ಅದೇ ಸ್ಥಿತಿಯಲ್ಲಿ ಮೇಲಕ್ಕೆ ಹತ್ತಿ ಐಡಲ್ ಕೆಡುವುದಿಲ್ಲ ಎಂದು ನೋಡಿಕೊಂಡೆ. ಕೆಳಗೆ ಸರಿಯಾದದ್ದು ಮೇಲೆ ಸ್ವಲ್ಪ ದಟ್ಟವಾದರೆ ತೊಂದರೆಯಿಲ್ಲ; ಮೇಲೆ ಸರಿಯಾದದ್ದು ಕೆಳಗೆ ತೆಳುವಾದರೆ ಸಿಡಿತ ಮರಳುತ್ತದೆ.

ಇಷ್ಟಾದರೂ ಆ ಸ್ಟೀಲ್ ಪೈಪನ್ನು ಉಳಿಸಿಕೊಳ್ಳುವ ಮಾತು ನನ್ನಲ್ಲಿರಲಿಲ್ಲ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ನಿರ್ದಿಷ್ಟತೆಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವುದನ್ನು ತಡೆಯುತ್ತದೆ. ಶಬ್ದ ಮತ್ತು ವಾಯು ಮಾಲಿನ್ಯದ ಉಲ್ಲಂಘನೆಗೆ 190ನೆಯ ಕಲಮಿನ ಅಡಿಯಲ್ಲಿ, 2019ರ ತಿದ್ದುಪಡಿಯ ನಂತರ, 10,000 ರೂಪಾಯಿವರೆಗೆ ದಂಡವಿದೆ. ಸಿಡಿತ ನಿಂತ ಮಾತ್ರಕ್ಕೆ ಪೈಪಿನಲ್ಲಿ ಇಲ್ಲದ, ಹೊಗೆಯ ವಿಷಾಂಶ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಂದುಬಿಡುವುದಿಲ್ಲ. ಕಂಪನಿಯ ಸೈಲೆನ್ಸರ್ ಬಂದ ವಾರವೇ ಅದನ್ನು ಹೊಸ ಗ್ಯಾಸ್ಕೆಟ್ಟಿನೊಂದಿಗೆ ಕೂರಿಸಿದೆ.

ಹಾಗೆ ಕೂರಿಸಿದಾಗ ನನಗೆ ಕುತೂಹಲವಿದ್ದದ್ದು ಪೈಲಟ್ ಜೆಟ್ಟಿನ ವಿಷಯದಲ್ಲಿ. ಹಳೆಯ ಅಳತೆಗೆ ಮರಳಿಸಿ ಓಡಿಸಿದೆ, ಏರಿಸಿದ ಅಳತೆಯಲ್ಲೂ ಓಡಿಸಿದೆ. ಹಳೆಯದರಲ್ಲಿ ಬೆಳಗಿನ ಸ್ಟಾರ್ಟಿಗೆ ಚೋಕ್ ಬಹಳ ಹೊತ್ತು ಬೇಕಾಯಿತು ಮತ್ತು ಕೊಯನಾಡಿನ ಕೆಳಗೆ ಸಣ್ಣ ಪುಟಪುಟ ಕೇಳಿಸಿತು. ಏರಿಸಿದ್ದರಲ್ಲಿ ಸ್ಕ್ರೂವನ್ನು ಕಾಲು ಸುತ್ತು ಒಳಕ್ಕೆ ತಂದಾಗ ಎರಡೂ ಹೋದವು, ಹೊಗೆಯ ಚೀಟಿಯೂ ಮಿತಿಯೊಳಗೇ ಬಂತು. ಆದ್ದರಿಂದ ಅದನ್ನೇ ಉಳಿಸಿಕೊಂಡಿದ್ದೇನೆ. ಸ್ಕ್ರೂ ಈಗ ಒಂದು ಮುಕ್ಕಾಲು ಸುತ್ತಿನಲ್ಲಿದೆ; ಅದರ ತಲೆಗೂ ಪಕ್ಕದ ಲೋಹಕ್ಕೂ ಸೇರಿಸಿ ಬಿಳಿ ಪೇಂಟಿನ ಗುರುತು ಹಾಕಿದ್ದೇನೆ. ಮುಂಗಾರಿಗೆ ಮೊದಲು ಫ್ಲಾಂಜಿನ ನಟ್ಟುಗಳನ್ನೂ ವಾಲ್ವಿನ ಕೊಳವೆಯನ್ನೂ ನೋಡುವುದು, ಕಕ್ಕಡದಲ್ಲಿ ಗಾಡಿ ನಿಲ್ಲಿಸುವುದಾದರೆ ಕಾರ್ಬುರೇಟರಿನ ಬಟ್ಟಲಿನಿಂದ ಪೆಟ್ರೋಲನ್ನು ಇಳಿಸಿಬಿಡುವುದು, ಮತ್ತು ವಾರಕ್ಕೊಮ್ಮೆಯಾದರೂ ಕುಶಾಲನಗರದವರೆಗೆ ಓಡಿಸಿ ಸೈಲೆನ್ಸರನ್ನು ಒಳಗಿನಿಂದ ಒಣಗಿಸುವುದು ಈಗ ಈ ಗಾಡಿಯ ವಾಡಿಕೆ.